ಪುಸ್ತಕದಲ್ಲಿ ನನ್ನ ಹೆಸರು

ಏಪ್ರಿಲ್ ೧೭, ಬುಧವಾರ. ನಾಳೆ ಮತದಾನ.

ಯಾರಿಗೆ ಓಟು ಹಾಕುವುದೆಂದು ಮಧ್ಯಾಹ್ನದವರೆಗೂ ನನಗೇ ಗೊತ್ತಿರಲಿಲ್ಲ. ನಾನು ಯಾವ ಪಕ್ಷದ ಬಾಲವೂ ಅಲ್ಲ. ಆಗ ಕೊಡೆ ಗುರುತಿನ ಬಿಲ್ಲೆ ಸಿಕ್ಕಿಸಿಕೊಂಡ ಅಪರಿಚಿತನೊಬ್ಬ ನನ್ನ ಕ್ಷೌರದಂಗಡಿಗೆ ಬಂದು ಗಡ್ಡಕ್ಕೆ ಕೂತ.

"ಅಜ್ಜ, ನಾಲ್ಕನೇ ಕ್ಲಾಸಿಗೆ ಬಿಟ್ಟೋರಿಗೆ ಇದೆಲ್ಲ ತಿಳಿಯಲ್ಲ. ಸುಮ್ನೆ ಕೊಡೆಗೆ ಒತ್ತಿ."

ಅರ್ಧ ಗಡ್ಡದಲ್ಲೇ ಎಬ್ಬಿಸಿ ಓಡಿಸಿದೆ. ಸಾಯಲಿ, ಎದುರಾಳಿ ಏಣಿ ಪಕ್ಷಕ್ಕೇ ಹಾಕುತ್ತೇನೆ ಎಂದುಕೊಂಡೆ.

ನಾಲ್ಕನೇ ಕ್ಲಾಸಿನ ವಿಷಯ ಅವನಿಗೆ ಹೇಗೆ ಗೊತ್ತು? ಹೆಂಡತಿಗೂ ನಾನು ಏಳನೇ ಕ್ಲಾಸಿನವರೆಗೆ ಓದಿದ್ದೇನೆ ಎಂದೇ ಹೇಳಿದ್ದೇನೆ.

ಕನ್ನಡಿಯ ಕೆಳಗೆ ಅವನ ಪುಸ್ತಕ ಉಳಿದಿತ್ತು. ನಮ್ಮ ಬೀದಿಯಲ್ಲಿ ಇನ್ನೂ ಮನಸ್ಸು ಮಾಡದವರ ಪಟ್ಟಿ. ದರ್ಜಿಯ ಹೆಸರಿನ ಮುಂದೆ "ಹೊಗಳಿಕೆ". ಎದುರುಮನೆ ನರ್ಸಮ್ಮನ ಮುಂದೆ "ಮಗಳ ಬಗ್ಗೆ ಹೆದರಿಕೆ". ನನ್ನ ಮುಂದೆ, "ಕೊಡೆ ಬಿಲ್ಲೆ ಹಾಕಿಕೊಂಡು ಹೋಗಿ ಅವಮಾನ ಮಾಡಬೇಕು. ಏಣಿಗೆ ಹಾಕುತ್ತಾನೆ."

ಓದಿ ಹೇಳಿದರೆ ಇವಳು ನಕ್ಕಳು. "ನಿಮಗೆ ಸಿಟ್ಟು ಬರಿಸೋಕೆ ಅಷ್ಟೆಲ್ಲ ಯಾಕ್ರೀ? ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ."

ನನಗೆ ನಗು ಬರಲಿಲ್ಲ. ಏಣಿಯವರ ಈ ಮೋಸಕ್ಕೆ ತಕ್ಕ ಉತ್ತರವಾಗಿ ಕೊಡೆಗೇ ಒತ್ತಿ ಬರುತ್ತೇನೆಂದು ಈಗಷ್ಟೇ ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಇಷ್ಟೆಲ್ಲ ತಿಳಿದವನು ಪುಸ್ತಕವನ್ನು ಮರೆತು ಹೋಗುತ್ತಾನೆಯೇ? ನಾನು ಓದಲಿ ಎಂದೇ ಇಟ್ಟು ಹೋಗಿದ್ದರೆ, ಅವನು ನಿಜಕ್ಕೂ ಕೊಡೆಯವನೇ ಆಗಿರಬೇಕಲ್ಲ?