ನೋವಿಲ್ಲದೆ ಹೋದ ಎಂಬ ಮಾತು

ಕುಕ್ ಟೌನ್, ಬೆಂಗಳೂರು
ಜನವರಿ 1972

ಕ್ಯಾಪ್ಟನ್ ಬೆಳ್ಯಪ್ಪನವರಿಗೆ ನಮಸ್ಕಾರಗಳು.

ಯುದ್ಧದಲ್ಲಿ ತೀರಿಕೊಂಡ ನಮ್ಮ ನಾಣಿಯ ಬಗ್ಗೆ ನೀವು ಬರೆದ ಸಾಂತ್ವನದ ಪತ್ರ ತಲುಪಿತು. ಅವನು ನೋವಿಲ್ಲದೆ, ಕ್ಷಣದಲ್ಲೇ ಹೋದ ಎಂದಿದ್ದೀರಿ. ನಮ್ಮ ಯಜಮಾನರು ಡಾಕ್ಟರು. ತೀರಿಹೋದ ರೋಗಿಗಳ ಮನೆಯವರಿಗೆಲ್ಲ ಅವರು ಹೇಳುವುದೂ ಇದನ್ನೇ: "ನೋವೇ ಗೊತ್ತಾಗ್ಲಿಲ್ಲಮ್ಮ, ನಿದ್ದೇಲಿ ಹೋದ ಹಾಗೆ ಹೋದ್ರು." ಆಮೇಲೆ ಅಡುಗೆಮನೆಗೆ ಬಂದು ನನಗೆ ಹೇಳುವುದೇ ಬೇರೆ. ಹಾಗಾಗಿ ನಿಮ್ಮ ಮಾತನ್ನು ನಂಬಲು ನನ್ನಿಂದ ಆಗುತ್ತಿಲ್ಲ. ನನ್ನ ಅನುಮಾನವೇ ತಪ್ಪಿರಬಹುದು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಮನೆಗೆ ಮಾತ್ರ ಬೇಡ, ನಾನು ಪಾಠ ಮಾಡುವ ಹಲಸೂರಿನ ಶಾಲೆಯ ವಿಳಾಸ ಲಕೋಟೆಯ ಹಿಂದಿದೆ. ಡಾಕ್ಟರು ನಿಮ್ಮ ಪತ್ರವನ್ನು ನಂಬಿದ್ದಾರೆ. ನಿನ್ನೆಯಿಂದ ಊಟ ಮಾಡುತ್ತಿದ್ದಾರೆ.

ನಾಣಿಯ ತಾಯಿ,
ರಮಾಮಣಿ