ಇಬ್ಬರ ಚೀಲ

ಮಹಡಿ ಮನೆಯಿಂದ,
ಮಾರ್ಚ್ ೧೧, ಮಧ್ಯಾಹ್ನ

ಬಾಮೈದನಿಗೆ,

‘ಪ್ರೀತಿಯ’ ಎಂದು ಬರೆಯಲು ಪೆನ್ನು ಒಪ್ಪಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಹೋಗಿಲ್ಲವಾದರೆ ಒಳ್ಳೆಯದೇ ಆಯಿತು. ಬಗ್ಗಲಾಗದವನು ಇನ್ನೊಬ್ಬರ ಕಪಾಟಿನ ಕೆಳಗಿನ ಅರೆಗೆ ಕೈಹಾಕುವುದಿಲ್ಲ. ನಾನು ಕ್ಷೇಮ. ಹಲ್ಲು ಕೀಳಿಸಿದ ಜಾಗ ಮಾಗಿದೆ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ಬೈಗುಳ ಶುರುವಾದ ಕೂಡಲೇ ನಿನಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ಅವತ್ತು ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗ ನೀನು ಇಲ್ಲಿ ನಿನ್ನ ಅಕ್ಕನ ಕ್ಯಾಮೆರಾ ಚೀಲ ತೆರೆದು ಕೂತಿದ್ದೆ. ಬಂದು ನೋಡಿದರೆ ಲೆನ್ಸುಗಳಿಗೆಂದು ಅವಳು ಹೊಲಿದ ಮೆತ್ತೆಗಳೆಲ್ಲ ಮಾಯ; ಅಂಗಡಿಯಿಂದ ತಂದ ಕಪ್ಪು ಅಡ್ಡಪಟ್ಟಿಗಳು ಸಾಲಾಗಿ ಅಂಟಿಕೊಂಡಿವೆ. “ಭಾವ, ಒಳಗೆಲ್ಲ ಉಲ್ಟಾ ಇತ್ತು. ಸರಿ ಮಾಡಿದೀನಿ, ಇನ್ನು ನಿಮ್ಮೊಬ್ಬರಿಗೆ ಆರಾಮಾಗಿ ಆಗುತ್ತೆ” ಅಂದೆ. ನನ್ನ ಬಾಯಿ ತುಂಬ ಹತ್ತಿ ಇತ್ತು, ಅದಕ್ಕೇ ಬದುಕಿದೆ ನೀನು. ಅವಳು ತೀರಿಕೊಂಡ ದಿನವೂ ಯಾರೂ ನನಗೆ ಅಷ್ಟು ಸಲೀಸಾಗಿ ‘ಒಬ್ಬರಿಗೆ’ ಅಂದಿರಲಿಲ್ಲ.

‘ಎ ಪ್ಲೇಸ್ ಫಾರ್ ಎವೆರಿಥಿಂಗ್ ಅಂಡ್...’ ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಪ್ರತಿಯೊಂದಕ್ಕೂ ಒಂದು ಜಾಗವಂತೆ. ಉಳಿದರ್ಧ ಮರೆತಿದ್ದೇನೆ, ನಿನ್ನ ಅಕ್ಕ ಅದನ್ನು ಫೋಮಿನಲ್ಲಿ ಕತ್ತರಿಸಿ ತೋರಿಸಿದ್ದಳು. ಹಳೇ ಸೋಫಾದ ಫೋಮು, ಮೇಲೆ ನನ್ನ ಪ್ಯಾಂಟಿನ ಬಟ್ಟೆ (ನಾನಿನ್ನೂ ಹಾಕುತ್ತಿದ್ದೆ, ಕೇಳಲಿಲ್ಲ ಪುಣ್ಯಾತ್ಗಿತ್ತಿ). ಉದ್ದ ಲೆನ್ಸಿಗೆ ಓರೆಯಾದ ಗೂಡು, ಚಿಕ್ಕದರ ಪಕ್ಕ ಎರಡು ಬೆರಳು ಇಳಿಯುವಷ್ಟು ಸಂದು. ಉಲ್ಟಾ ಇತ್ತಂತೆ! ಅಯ್ಯಾ ಬೃಹಸ್ಪತಿ, ಆ ಚೀಲ ನೇತಾಡುತ್ತಿದ್ದದ್ದು ನನ್ನ ಹೆಗಲಿಗೆ, ಒಳಗೆ ಹೋಗುತ್ತಿದ್ದದ್ದು ಅವಳ ಕೈ. ಮದುವೆಯಿರಲಿ, ಶಾಲೆಯ ಗುಂಪು ಫೋಟೋ ಇರಲಿ, ಅವಳು ನನ್ನ ಬಲಕ್ಕೆ ನಿಂತು, ಕ್ಯಾಮೆರಾದಿಂದ ಕಣ್ಣು ತೆಗೆಯದೆ ಎಡಗೈ ಹಾಕಿದರೆ ಬೇಕಾದ್ದು ಬೆರಳಿಗೆ ಸಿಗಬೇಕು. ನಾನು ಕೊಂಚ ತಿರುಗಿದರೆ “ರೀ, ಕಪಾಟು ಅಲ್ಲಾಡಬಾರದು” ಎನ್ನುತ್ತಿದ್ದಳು; ಕಪಾಟು ಅಂದರೆ ನಾನು. ಹೊತ್ತವನಿಗೆ ಉಲ್ಟಾ, ಪಕ್ಕದಲ್ಲಿ ನಿಂತವಳಿಗೆ ಸರಿ. ಅದು ಇಬ್ಬರ ಚೀಲ. ನೀನದನ್ನು ಒಂಟಿ ಗಂಡಸಿನ ಚೀಲ ಮಾಡಿಟ್ಟು, ಮೇಲೆ ನನ್ನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಹೋದೆ.

ಹಳೇ ಮೆತ್ತೆಗಳೆಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರೆ “ಕಸ ಭಾವ, ಬಿಸಾಕ್ದೆ” ಅಂದೆ. ಸುಳ್ಳುಗಾರ. ಅತ್ತೆಯ ಲೆನ್ಸು ತನ್ನ ಹೊಸ ಕ್ಯಾಮೆರಾಕ್ಕೆ ಕೂರುತ್ತದೆಯೇ ಎಂದು ಕೇಳಲು ನಿನ್ನ ಮಗಳು ನಿನ್ನೆ ಫೋನು ಮಾಡಿದ್ದಳು, ಮಾತಿನ ಮಧ್ಯೆ ಬಾಯಿಬಿಟ್ಟಳು: “ಮಾವ, ಅದರ ಮೇಲೆ ನಮ್ಮ ನಾಯಿ ಮಲಗುತ್ತೆ. ಒಂದು ಮೂಲೆ ಕಡಿದೂ ಹಾಕಿದೆ.” ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕಚ್ಚುವುದು ಅದರ ಜಾತಿಗುಣ. ಕಚ್ಚಿ ‘ಸರಿ ಮಾಡಿದೀನಿ’ ಅನ್ನಲಿಲ್ಲವಲ್ಲ. ನಿನ್ನ ಕಪ್ಪು ಪಟ್ಟಿಗಳನ್ನು ಕಿತ್ತು ಇದರ ಜೊತೆ ಕಳಿಸಿದ್ದೇನೆ, ನಾಯಿಗೆ ಅವನ್ನು ಹಾಸು. ಮೂಸಿ ನೋಡಿ ಎದ್ದು ಹೋದರೆ ಅದಕ್ಕೆ ನಿನಗಿಂತ ಬುದ್ಧಿಯಿದೆ ಎಂದರ್ಥ. ಉಳಿದ ಮೂಲೆಗಳೂ ಹೋಗುವ ಮೊದಲು ಮೆತ್ತೆಗಳು ನನಗೆ ಬರಬೇಕು. ಅಲ್ಲಿಯವರೆಗೆ ಈ ಮನೆಯ ಮೆಟ್ಟಿಲು ಹತ್ತಬೇಡ.

ಹಿರಿಯನಾದ ತಪ್ಪಿಗೆ ಆಶೀರ್ವಾದ: ಬೆನ್ನು ನೆಟ್ಟಗಾಗಲಿ, ಬುದ್ಧಿ ನೆಟ್ಟಗಾಗಲಿ, ಎರಡರಲ್ಲಿ ಒಂದಾದರೂ. ಕೊನೆಗೆ ‘ಯುವರ್ಸ್ ಫೇತ್‌ಫುಲ್ಲಿ’ ಬರೆಯಬೇಕೋ ‘ಸಿನ್ಸಿಯರ್ಲಿ’ಯೋ ಮರೆತಿದೆ. ನಿನ್ನ ವಿಷಯದಲ್ಲಿ ಎರಡೂ ಸುಳ್ಳು.

ಇತಿ,
ನಿನ್ನ ಭಾವ

ತಾ.ಕ.: ಮೆತ್ತೆಗಳನ್ನು ಅಂಚೆಗೆ ಹಾಕಬೇಡ, ನೀನೂ ತರಬೇಡ. ಒಗೆಯಲಂತೂ ಬೇಡ, ನೀರು ಬಿದ್ದರೆ ಲೆನ್ಸುಗಳು ಕೂತು ಕೂತು ಮಾಡಿದ ತಗ್ಗುಗಳು ಉಬ್ಬಿಬಿಡುತ್ತವೆ. ನಾಯಿಯ ಕೂದಲಿದ್ದರೆ ಇರಲಿ. ಮಗಳ ಕೈಯಲ್ಲಿ ಕೊಟ್ಟು ಕಳಿಸು, ಅವಳ ಕ್ಯಾಮೆರಾ ಸಮೇತ. ಕಡಿದ ಮೂಲೆ ನಾನು ಹೊಲಿಯುತ್ತೇನೆ, ಇನ್ನೊಂದು ಪ್ಯಾಂಟಿದೆ. ಚೀಲ ನಾನು ಹೊರುತ್ತೇನೆ, ಅವಳು ಬಲಕ್ಕೆ ನಿಂತರೆ ಸಾಕು. ಕಪಾಟು ಅಲ್ಲಾಡುವುದಿಲ್ಲ ಎಂದು ಹೇಳು.