ಒಡಪಿನೊಳಗಿನ ಹೆಸರು

7 ಜನವರಿ 2006, ಶನಿವಾರ

ಇವತ್ತೂ ಚಿಂಚವಾಡದಲ್ಲಿ ಲೋಕಲ್ ರೈಲು ತಪ್ಪಿತು. ಕ್ಲಾಸಿಗೆ ಹತ್ತು ನಿಮಿಷ ತಡ. ನೀತಾ ಮೇಡಂ ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು ಅಷ್ಟೇ. ಅದಕ್ಕಿಂತ ಬೈದುಬಿಟ್ಟರೇ ವಾಸಿ.

ಡಿಜಿಟಲ್ ಮೀಡಿಯಾ ಕೋರ್ಸು. ಬಿ.ಎ. ಎರಡನೇ ವರ್ಷದವರಿಗೆ, ಶನಿವಾರ ಮಾತ್ರ. ಬೇರೆಯವರೆಲ್ಲ ಇಷ್ಟಪಟ್ಟು ಸೇರಿದ್ದಾರೆ. ನಾನು ಸೇರಿದ್ದು ಟೈಪಿಂಗ್ ಕಲಿಸುತ್ತಾರೆ ಅಂದುಕೊಂಡು.

ಮೊದಲ ಪಾಠ — ಸರ್ಚ್‌ನಲ್ಲಿ ನಿಮ್ಮ ಹೆಸರು ಹಾಕಿ ನೋಡಿ. ಎಲ್ಲರೂ ಮೊದಲು ಅದನ್ನೇ ಮಾಡುತ್ತಾರಂತೆ. ಪಕ್ಕದ ಕುಶಲನ ಹೆಸರಿಗೆ ಸಾವಿರಗಟ್ಟಲೆ ಬಂತು. ನಾನು ಹಾಕಿದೆ: ಆರತಿ ಹರಿಶ್ಚಂದ್ರ ದೊಡ್ಡಮನಿ. ಸೊನ್ನೆ. ಜಗತ್ತೆಲ್ಲ ಅದರೊಳಗೆ ಇದೆಯಂತೆ. ನಾನಿಲ್ಲ. ಅಪ್ಪನೂ ಇಲ್ಲ. ಮನೆಯಲ್ಲೇ ಇಲ್ಲದವನು ಅಲ್ಲೆಲ್ಲಿ ಇರುತ್ತಾನೆ.

ಇಂಟರ್ನೆಟ್ ಬಗ್ಗೆ ಏನನ್ನಿಸಿತು ಅಂತ ಪ್ರತಿ ವಾರ ಇಂಗ್ಲಿಷಿನಲ್ಲಿ ಒಂದು ಲಾಗ್ ಬರೆದು ಕೊಡಬೇಕು. 'ವೆರಿ ಯೂಸ್‌ಫುಲ್ ಫಾರ್ ನಾಲೆಜ್' ಅಂತ ಬರೆದು ಕೊಟ್ಟೆ. ಅದು ಮೇಡಂಗೆ. ಈ ನೋಟ್‌ಬುಕ್ಕು ನನಗೆ. ಇಲ್ಲಿ ನಿಜ ಬರೆಯುತ್ತೇನೆ — ಕೆಲಸವಿಲ್ಲದವರ ಕೆಲಸ.

28 ಜನವರಿ, ಶನಿವಾರ

ಇವತ್ತು ಸುಮ್ಮನೆ ನಮ್ಮೂರಿನ ಕಡೆ ಹುಡುಕಿದೆ. ಸುರಪುರ — ಮೂವತ್ತೊಂದು ಡಿಗ್ರಿ. ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ. ಅವ್ವ ಮೆಸ್‌ನಿಂದ ಬಂದು ಕಾಲು ಚಾಚಿ ಕೂತಿದ್ದಳು. ದಿನಕ್ಕೆ ಮುನ್ನೂರು ಚಪಾತಿ ಲಟ್ಟಿಸಿ ಅವಳ ಮೊಣಕೈ ಹೋಗಿದೆ. ಹೇಳಿದೆ.

"ಅಷ್ಟು ತಿಳಕೊಳ್ಳಾಕ ಮಿಷನ್ ಬೇಕೇನ? ನಮ್ಮೂರಾಗ ಬಿಸಲ ಇಲ್ಲದ ದಿನಾ ಯಾವಾಗಿತ್ತು?"

ನಗು ಬಂತು. ಮಂಗಳಾರತಿ ಅಂದರೆ ಇದು.

4 ಫೆಬ್ರವರಿ, ಶನಿವಾರ

ಅಸೈನ್‌ಮೆಂಟ್. ನಿಮ್ಮ ಮನೆಯ ಒಂದು ದನಿ, ಮೂವತ್ತು ಸೆಕೆಂಡು, ರೆಕಾರ್ಡ್ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಬೇಕು. ತಂಬಾಕಿನ ಡಬ್ಬಿಯಷ್ಟು ಸಣ್ಣ ರೆಕಾರ್ಡರ್ ಕೊಟ್ಟಿದ್ದಾರೆ. ಸಹಿ ಹಾಕಿಸಿಕೊಂಡು.

ನಮ್ಮ ಮನೆಯ ದನಿ? ಪಕ್ಕದ ಮನೆಯ ಟಿ.ವಿ.

12 ಫೆಬ್ರವರಿ, ರವಿವಾರ

ಗುರಣ್ಣ ಮಾಮಾನ ಮಗಳ ಕುಬಸ. ಮಾಮಾ ಅಂದರೆ ಅವ್ವನ ತಮ್ಮ, ದೇಹೂ ರೋಡಿನಲ್ಲಿರುತ್ತಾನೆ. ಹಸಿರು ಸೀರೆ, ಹಸಿರು ಬಳೆ, ಬಸುರಿ ಹುಡುಗಿ ಪಾಪ ಬೆವೆತು ಹೋಗಿದ್ದಳು. ಉಡಿ ತುಂಬಿದ ಮೇಲೆ ಹೆಂಗಸರ ಆಟ ಶುರು. ಒಬ್ಬೊಬ್ಬರೂ ಒಡಪು ಹಾಕಿ ಗಂಡನ ಹೆಸರು ಹೇಳಬೇಕು.

"ಸಾಬಕ್ಕಾ, ನೀ ಹಾಕಬೇ."

ಹಿಂದಿನಿಂದ ಯಾರೋ ಅಂದರು: "ಹೆಸರ ನೆನಪರ ಅದನೋ ಇಲ್ಲೋ."

ಮೈಯೆಲ್ಲ ಉರಿಯಿತು. ಅವ್ವ ತಿರುಗಿ ಕೂಡ ನೋಡಲಿಲ್ಲ. ಸೆರಗು ಸರಿ ಮಾಡಿಕೊಂಡಳು. ನಾನು ರೆಕಾರ್ಡರಿನ ಕೆಂಪು ಬಟನ್ ಒತ್ತಿದೆ.

"ಸಂಜೀಕ ದೀಪಾ ಹಚ್ಚೀನಿ, ಮುಗಲಾಗ ಮೂಡ್ಯಾನ ಚಂದ್ರ,
ದಾರಿ ಕಾಯಕೋತ ಕುಂತೀನಿ, ಬರತಾರ ನಮ್ಮ ಹರಿಶ್ಚಂದ್ರ."

ಎಲ್ಲ ಹೋ ಅಂದರು. ಅವ್ವನ ಮುಖ ಕೆಂಪಾಗಿತ್ತು. ನಲವತ್ತೆರಡು ವರ್ಷದವಳು ಮದುಮಗಳ ಹಾಗೆ ನಾಚಿದ್ದಳು.

ಒಡಪಿನೊಳಗಲ್ಲದೆ ಅವ್ವನ ಬಾಯಲ್ಲಿ ಆ ಹೆಸರು ನಾನು ಕೇಳಿಯೇ ಇಲ್ಲ. ಗಂಡನ ಹೆಸರು ಬರಿಯ ಬಾಯಲ್ಲಿ ಹೇಳಬಾರದು. ಕತೆಯ ರಾಜನನ್ನೂ 'ಆ ಸತ್ಯದ ರಾಜಾ' ಅನ್ನುತ್ತಾಳೆ, ಅವನ ಹೆಸರೂ ಅದೇ ಅಂತ. ರೇಷನ್ ಆಫೀಸಿನಲ್ಲಿ, ದವಾಖಾನೆಯಲ್ಲಿ, ಗಂಡನ ಹೆಸರೇನು ಅಂದರೆ ನನ್ನನ್ನು ಮುಂದೆ ತಳ್ಳುತ್ತಾಳೆ. ಏಳನೇ ವಯಸ್ಸಿನಿಂದ ಅದು ನನ್ನ ಕೆಲಸ. ಅಪ್ಪ ಗೌಂಡಿ, ಗಾರೆ ಕೆಲಸ. ತೊಂಬತ್ತಮೂರರ ದೀಪಾವಳಿ ಮುಗಿಸಿ, ಎಂಟು ದಿನದ ಕೆಲಸ ಅಂತ ಕರಣಿ ಚೀಲದಲ್ಲಿ ಹಾಕಿಕೊಂಡು ಹೋದ. ಎಂಟು ದಿನ ಇನ್ನೂ ಮುಗಿದಿಲ್ಲ.

18 ಫೆಬ್ರವರಿ, ಶನಿವಾರ

ಹಾಕಿಬಿಟ್ಟೆ! ಬಿಟ್ಟಿ ಪುಟ ಕೊಡುವ ಒಂದು ಸೈಟಿನಲ್ಲಿ. ಮೇಲೆ ನನ್ನ ಹೆಸರು, ಅವ್ವನ ಫೋಟೋ. ಕೆಳಗೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ — ನನ್ನ ತಾಯಿ ಸಾಬವ್ವ, ಗಂಡ ಹರಿಶ್ಚಂದ್ರ ದೊಡ್ಡಮನಿ, ಗೌಂಡಿ, ತಾಲೂಕು ಸುರಪುರ. ಒತ್ತಿದರೆ ದನಿ. ಅದರ ಕೆಳಗೆ, ಬಂದವರು ಏನಾದರೂ ಬರೆಯಲು ಗೆಸ್ಟ್‌ಬುಕ್. ಎಷ್ಟು ಜನ ಬಂದರು ಅಂತ ತೋರಿಸುವ ಕೌಂಟರ್.

ಮರಾಠಿಯವರಲ್ಲೂ ಈ ಪದ್ಧತಿ ಇದೆಯಲ್ಲ, ಮೇಡಂಗೆ ಬಿಡಿಸಿ ಹೇಳಬೇಕಾಗಲಿಲ್ಲ. ಎರಡು ಸಲ ಕೇಳಿದರು. "ಛಾನ್" ಅಂದರು, ಚೆನ್ನಾಗಿದೆ ಅಂತ. ಕೊನೆಯ ದಿನದ ಕಾರ್ಯಕ್ರಮದಲ್ಲಿ ಎಲ್ಲರಿಗೂ ಕೇಳಿಸುತ್ತಾರಂತೆ.

ಈಗ ಸರ್ಚ್‌ನಲ್ಲಿ ನನ್ನ ಹೆಸರು ಹಾಕಿದರೆ ಒಂದು ಸಿಗುತ್ತದೆಯಂತೆ, ಸ್ವಲ್ಪ ದಿನದಲ್ಲಿ. ಸಿಗಲಿ. ನಾನೂ ಇದ್ದೇನೆ.

19 ಫೆಬ್ರವರಿ, ರವಿವಾರ, ಮಧ್ಯಾಹ್ನ

ಅವ್ವನನ್ನು ಸ್ಟೇಶನ್ ಹತ್ತಿರದ ಅವಧೂತನ ಸೈಬರ್ ಕೆಫೆಗೆ ಕರೆದುಕೊಂಡು ಹೋಗಿದ್ದೆ. ದೇವರ ಗುಡಿಗೆ ಬಂದ ಹಾಗೆ ಚಪ್ಪಲಿ ಹೊರಗೆ ಬಿಟ್ಟಳು. ಹೆಡ್‌ಫೋನ್ ಹಾಕಿದೆ. ತನ್ನ ದನಿ ಕೇಳಿ ಬೆಚ್ಚಿದಳು. ಆಮೇಲೆ ಕೊನೆಯವರೆಗೂ ಆಲಿಸಿದಳು.

"ಇದು ಎಲ್ಲೀತನಾ ಕೇಳಸ್ತದ?"

"ಎಲ್ಲಾ ಕಡಿಗೂ. ದುನಿಯಾಕ್ಕೆಲ್ಲಾ."

"ಅಂದ್ರ… ಅವ್ರು ಇದ್ದಲ್ಲಿಗೂ?"

ತಮಾಷೆ ಮಾಡಿ ಮಾತು ಮರೆಸಬಹುದಿತ್ತು. "ಹೂಂ ಯವ್ವ" ಅಂದುಬಿಟ್ಟೆ.

5 ಮಾರ್ಚ್, ರವಿವಾರ

ಈಗ ರವಿವಾರ ಬಂದರೆ ಅವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿ ನನಗಿಂತ ಮೊದಲೇ ತಯಾರು. ಅವಧೂತ ಅವಳಿಗೆ ಬೇರೆ ಕುರ್ಚಿಯನ್ನೇ ಇಟ್ಟಿದ್ದಾನೆ, ಗಾಲಿ ಇಲ್ಲದ್ದು. ಗಾಲಿ ಇದ್ದದ್ದರಲ್ಲಿ ಕೂರಲು ಅವಳಿಗೆ ಭಯ.

"ಯಾರರ ಬರದಾರೇನ?"

ಕುಶಲ ಬರೆದಿದ್ದಾನೆ, ಆಂಟಿ ದನಿ ಚೆನ್ನಾಗಿದೆ ಅಂತ. ಸೊಲ್ಲಾಪುರದ ಯಾರೋ ಒಬ್ಬರು ತಮ್ಮ ಅಜ್ಜಿಯ ನೆನಪಾಯಿತು ಅಂದಿದ್ದಾರೆ. ಓದಿ ಹೇಳಿದೆ. "ಮತ್ತ?" ಅಂದಳು. ಮತ್ತೆ ಯಾರೂ ಇಲ್ಲ.

ಗುರಣ್ಣ ಮಾಮಾ ಮನೆಗೆ ಬಂದು ನನ್ನನ್ನು ಹೊರಗೆ ಕರೆದು ಬೈದ. "ಹನ್ನೆರಡು ವರ್ಷ ಆಯ್ತು, ಅಕ್ಕ ಈಗೀಗ ಸುಮ್ಮನಾಗಿದ್ಳು. ಮತ್ತ ಯಾಕ ಆಸೆ ಹಚ್ಚತಿ?" ಮಾಮಾನಿಗೆ ಕಂಪ್ಯೂಟರ್ ಅಂದರೇನು ಗೊತ್ತು ಅಂತ ಸಿಟ್ಟು ಬಂತು.

ನನಗೂ ಆಸೆ ಹತ್ತಿದೆ. ಬರೆದೇಬಿಡುತ್ತೇನೆ — ನನಗೂ ಅಪ್ಪ ಬೇಕು. ಬಂದರೆ ಮೊದಲು ಜಗಳಾಡುತ್ತೇನೆ, ಆಮೇಲೆ ಚಹಾ ಮಾಡಿಕೊಡುತ್ತೇನೆ. ಈ ವಾರದ ಲಾಗ್‌ನಲ್ಲಿ 'ಇಂಟರ್ನೆಟ್ ಈಸ್ ಲೈಕ್ ಗಾಡ್' ಅಂತ ಬರೆದಿದ್ದೆ. ಮೇಡಂ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಕೊಟ್ಟಿದ್ದಾರೆ.

18 ಮಾರ್ಚ್, ಶನಿವಾರ, ಮಧ್ಯಾಹ್ನ 1

ಬಂದಿದೆ.

ಲ್ಯಾಬ್‌ನಲ್ಲೇ ಕೂತಿದ್ದೇನೆ. ಎಲ್ಲ ಊಟಕ್ಕೆ ಹೋದರು. ಗೆಸ್ಟ್‌ಬುಕ್ಕಿನಲ್ಲಿ ಒಂದು ಮೆಸೇಜ್, ಮರಾಠಿ, ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಇಳಿಸಿಕೊಳ್ಳುತ್ತೇನೆ, ಸರಿಯಾಗಿ ಓದಿದೆನೋ ಇಲ್ಲವೋ ನೋಡಬೇಕು.

'ದೀದಿ, ನನ್ನ ಹೆಸರು ಇಂದೂ ಹರಿಶ್ಚಂದ್ರ ದೊಡ್ಡಮನಿ. ಭೋರ್‌ನಲ್ಲಿ ಇರುತ್ತೇನೆ. ಒಂಬತ್ತನೇ ಕ್ಲಾಸ್. ಶಾಲೆಯ ಕಂಪ್ಯೂಟರ್ ಪೀರಿಯಡ್‌ನಲ್ಲಿ ನನ್ನ ಹೆಸರು ಹುಡುಕಿದೆ, ನಿಮ್ಮ ಪುಟ ಬಂತು. ನನ್ನ ಪಪ್ಪಾನೂ ಗೌಂಡಿ, ಅವರ ಊರೂ ಅದೇ. ಖುಷಿಯಿಂದ ಹೋಗಿ ಹೇಳಿದೆ. ಪಪ್ಪಾ ನನ್ನನ್ನು ತುಂಬಾ ಬೈದರು. ಊಟ ಮಾಡಲಿಲ್ಲ. ಅಮ್ಮ ಎರಡು ದಿನದಿಂದ ಅಳುತ್ತಿದ್ದಾಳೆ. ಅವರು ಯಾರೋ ನನಗೆ ಗೊತ್ತಿಲ್ಲ, ಅದನ್ನು ತೆಗೆದುಬಿಡಲು ಹೇಳು ಅಂತಾರೆ ಪಪ್ಪಾ. ಪ್ಲೀಸ್ ತೆಗೆಯಿರಿ ದೀದಿ.'

ಸರಿಯಾಗಿಯೇ ಓದಿದ್ದೇನೆ.

ಒಂಬತ್ತನೇ ಕ್ಲಾಸ್ ಅಂದರೆ ಹದಿನಾಲ್ಕು, ಹದಿನೈದು. ಅಪ್ಪ ಚೀಲ ಹಿಡಿದು ಹೋದಾಗ ಅವಳಿಗೆ ಎರಡು ವರ್ಷ. ಬೆರಳಲ್ಲಿ ಮೂರು ಸಲ ಎಣಿಸಿದೆ. ಎರಡೇ ಬಂತು.

ಮೆಸೇಜ್ ಅಳಿಸಿದೆ. ಗೆಸ್ಟ್‌ಬುಕ್ಕಿನಿಂದ ಹೋಯಿತು. ಅಷ್ಟೇ.

21 ಮಾರ್ಚ್, ಮಂಗಳವಾರ

ಮೊನ್ನೆ ರವಿವಾರ ಜ್ವರ ಅಂತ ಸುಳ್ಳು ಹೇಳಿ ಮಲಗಿದೆ. ಅವ್ವ ಮೆಣಸಿನ ಸಾರು ಮಾಡಿ ಕುಡಿಸಿದಳು.

ಇವತ್ತು ಕಾಲೇಜಿಗೆ ಚಕ್ಕರ್. ಸ್ವಾರಗೇಟ್ ಸ್ಟ್ಯಾಂಡಿಗೆ ಹೋಗಿದ್ದೆ. ಭೋರ್ ಬಸ್ಸು ನಿಂತಿತ್ತು. ಕಂಡಕ್ಟರ್‌ನನ್ನು ಕೇಳಿದೆ, ಎಷ್ಟು ಹೊತ್ತು? "ದೋನ್ ತಾಸ್" ಅಂದ. ಎರಡು ತಾಸು. ಅಪ್ಪ ದುಬೈನಲ್ಲಿರಬೇಕು ಅಂತಾಳೆ ಅವ್ವ, ಒಮ್ಮೊಮ್ಮೆ ಜೈಲು ಅಂತಾಳೆ. ಎರಡು ತಾಸಿನ ದಾರಿ. ಬೆಳಿಗ್ಗೆ ಹೊರಟರೆ ಊಟಕ್ಕೆ ಮನೆಗೆ ಬರಬಹುದಿತ್ತು.

ಹತ್ತಲಿಲ್ಲ. ಬಸ್ಸು ಹೋಯಿತು. ಬೆಂಚಿನ ಮೇಲೆ ಕೂತು ಅತ್ತೆ, ಜನ ನೋಡುತ್ತಿದ್ದರೂ.

26 ಮಾರ್ಚ್, ರವಿವಾರ

ಈ ಸಲ ತಪ್ಪಿಸಲು ಆಗಲಿಲ್ಲ. ಕೆಫೆಯಲ್ಲಿ ಅದೇ ಕುರ್ಚಿ.

"ಯಾರರ ಬರದಾರೇನ?"

"ಇಲ್ಲ ಯವ್ವ. ಯಾರೂ ಇಲ್ಲ."

ಅವಳು ಪರದೆಯ ಕೆಳಗಿನ ಮೂಲೆಯನ್ನೇ ನೋಡುತ್ತಿದ್ದಳು. ಅವ್ವನಿಗೆ ಅಕ್ಷರ ಬರುವುದಿಲ್ಲ. ಬಸ್ಸಿನ ನಂಬರ್ ಬರುತ್ತದೆ. ಇದು ನನಗೆ ಹೊಳೆಯಲೇ ಇಲ್ಲ.

"ಆವತ್ತ ಬಂದಾಗ ಅರವತ್ತೊಂದಿತ್ತು. ಈಗ ನೂರಾ ಹದಿನಾಕು ಅದ. ಇಷ್ಟ ಮಂದಿ ಬಂದು ಕೇಳ್ಯಾರ, ಒಬ್ರೂ ಏನೂ ಅಂದಿಲ್ಲ?"

ಮೌಸ್ ಹಿಡಿದು ಪುಟ ಮುಚ್ಚಿದೆ.

"ಆರತಿ. ನನ್ನ ಮಾರಿ ನೋಡು."

ರಸ್ತೆಯಲ್ಲಿ ನಡೆಯುತ್ತಾ ಎಲ್ಲ ಹೇಳಿದೆ. ಭೋರ್, ಇಂದೂ, ಊಟ ಮಾಡದ್ದು, ಗೊತ್ತಿಲ್ಲ ಅಂದದ್ದು. ಅವ್ವ ನಡೆಯುವುದನ್ನು ನಿಲ್ಲಿಸಲಿಲ್ಲ. ಒಂದೇ ಕೇಳಿದಳು.

"ಎಷ್ಟನೇ ಇಯತ್ತಾ ಹುಡುಗಿ?"

"ಒಂಬತ್ತನೇದು."

ಸ್ವಲ್ಪ ದೂರ ಬಂದ ಮೇಲೆ: "ಆವಾಗ ನಾವು ಮೋಶಿ ಸೈಟಿನ್ಯಾಗ ಇದ್ವಿ. ವಾರಕ್ಕೊಮ್ಮಿ ಮನೀಗಿ ಬರತಿದ್ರು. ಭಾಳ ದಣದಿರತಿದ್ರು. ನಾ ಕಾಲ ಒತ್ತತಿದ್ದೆ."

ಇನ್ನೂ 'ಬರತಿದ್ರು' ಅನ್ನುತ್ತಾಳೆ. ಗೊತ್ತಾದ ಮೇಲೂ ಆ ಮರ್ಯಾದೆ.

30 ಮಾರ್ಚ್, ಗುರುವಾರ — ಯುಗಾದಿ

ಹೋಳಿಗೆ ಮಾಡಿದಳು. ಯಾವ ಹಬ್ಬಕ್ಕಾದರೂ ಅಪ್ಪನ ಪಾಲಿಗೆ ಒಂದು ತೆಗೆದಿಡುತ್ತಾಳೆ, ಮಾರನೇ ದಿನ ಹಸುವಿಗೆ ಹಾಕುತ್ತಾಳೆ. ಇವತ್ತೂ ತೆಗೆದಿಟ್ಟಳು, ಕೈ ರೂಢಿ. ಸಂಜೆ ಅದೇ ತಟ್ಟೆ ತಂದು ನನ್ನ ಮುಂದೆ ಇಟ್ಟಳು. "ತಿನ್ನು."

ತಿಂದೆ. ಅವಳು ನೋಡುತ್ತಾ ಕೂತಿದ್ದಳು.

"ಆ ರೆಕಾರ್ಡ್ ಮಾಡೂ ಮಿಷನ್ ಮತ್ತ ಕೊಡತಾರೇನ?"

1 ಏಪ್ರಿಲ್, ಶನಿವಾರ

ಮೇಡಂ ಹತ್ತಿರ ಎಲ್ಲ ಹೇಳಬೇಕಾಯಿತು. ಕಾರ್ಯಕ್ರಮದಲ್ಲಿ ಕೇಳಿಸುವುದು ಬೇಡ ಅಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ತೆಗೆಯುವುದು ಸುಲಭ, ಆದರೆ ಆಗಲೇ ಕೇಳಿದವರ ಕಿವಿಯಿಂದ ತೆಗೆಯಲು ಬರುವುದಿಲ್ಲ, ಇದನ್ನು ನಾನು ಮೊದಲ ದಿನವೇ ಕಲಿಸಬೇಕಿತ್ತು ಅಂದರು. ಅವರದೇನು ತಪ್ಪು. ಸಹಿ ಇಲ್ಲದೆ ರೆಕಾರ್ಡರ್ ಕೊಟ್ಟರು.

ಈ ವಾರದ ಲಾಗ್ ಖಾಲಿ ಹಾಳೆ. ಇಂಟರ್ನೆಟ್ಟನ್ನು ದೇವರು ಅಂದಿದ್ದೆ. ಬೈಯಲೂ ಮನಸ್ಸಿಲ್ಲ ಈಗ. ಅದು ಕೇಳಿದ್ದನ್ನು ತಂದು ಕೊಟ್ಟಿತು. ಕೇಳಿದವಳು ನಾನು.

2 ಏಪ್ರಿಲ್, ರವಿವಾರ, ಬೆಳಿಗ್ಗೆ 9

ಅವ್ವ ಸ್ನಾನ ಮಾಡಿ, ಎಂದಿನಂತೆ ಕುಂಕುಮ ಇಟ್ಟುಕೊಂಡು ಕೂತಳು. ಬಾಗಿಲು ಹಾಕಿಸಿದಳು. ಬಟನ್ ಒತ್ತಿದೆ. ಒಡಪು ಬರುತ್ತದೆ ಅಂದುಕೊಂಡಿದ್ದೆ.

"ಹರಿಶ್ಚಂದ್ರ."

ಯಾರನ್ನು ಕರೆದಳು ಅಂತ ಒಂದು ಗಳಿಗೆ ತಿಳಿಯಲಿಲ್ಲ. ಬರಿಯ ಬಾಯಲ್ಲಿ. ದೀಪವಿಲ್ಲ, ಚಂದ್ರನಿಲ್ಲ.

"ನಾ ಸಾಬವ್ವ. ನಿನ್ನ ದಾರಿ ಕಾಯೂದು ಬಿಟ್ಟೀನಿ. ನೀ ಬರಬ್ಯಾಡ. ಆ ಹುಡುಗಿಗಿ ಬೈಬ್ಯಾಡ, ಆಕೀದೇನೂ ತಪ್ಪಿಲ್ಲ. ಉಣ್ಣು."

ಅಷ್ಟೇ. ಬಟನ್ ಒತ್ತುವುದು ಮರೆತೇ ಹೋಯಿತು. ಅವಳೇ ಒತ್ತಿ ನಿಲ್ಲಿಸಿದಳು.

"ಹಳೇದು ತಗದು ಇದನ್ನ ಹಾಕು."

ಮಧ್ಯಾಹ್ನ 12, ಅವಧೂತನ ಕೆಫೆ

ಹೊಸ ಫೈಲ್ ತಯಾರಿದೆ. ಪರದೆಯ ಮೇಲೆ ಪ್ರಶ್ನೆ. ಯೆಸ್, ನೋ.

"ಏನ ಕೇಳತದ ಅದು?"

"ಹಳೇದು ಅಳಸಲೇನು ಅಂತದ ಯವ್ವ." ಒಂದು ಕಾಪಿ ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ ಅಂದೆ. ಬೇಡ ಅಂದಳು. ಎಲ್ಲೂ ಇರುವುದು ಬೇಡ.

"ತಡಿ. ಒಮ್ಮಿ ಕೇಳತೀನಿ."

ಪಕ್ಕದ ಕಂಪ್ಯೂಟರಿನಲ್ಲಿ ಪುಟ ತೆರೆದು ಹೆಡ್‌ಫೋನ್ ಹಾಕಿ ಕೊಟ್ಟೆ. ನೂರಾ ಮೂವತ್ತೊಂದು ಇದ್ದದ್ದು ನೂರಾ ಮೂವತ್ತೆರಡಾಯಿತು. ಅವಳು ಕೇಳುತ್ತಿದ್ದಾಳೆ, ನಾನು ಇಲ್ಲಿ ಬರೆಯುತ್ತಿದ್ದೇನೆ. ತುಟಿ ಅಲ್ಲಾಡುತ್ತಿದೆ, ತನ್ನ ಜೊತೆ ತಾನೇ ಒಡಪು ಹೇಳುತ್ತಿದ್ದಾಳೆ. ಹೆಸರು ಬರುವಲ್ಲಿ ಮಾತ್ರ ಬಾಯಿ ಮುಚ್ಚಿದಳು.

ಮೂವತ್ತು ಸೆಕೆಂಡಿನದು. ಮುಗಿದು ಎಷ್ಟೋ ಹೊತ್ತಾಯಿತು. ಹೆಡ್‌ಫೋನ್ ತೆಗೆದಿಲ್ಲ.

ತೆಗೆದಳು. "ಒತ್ತು" ಅಂದಳು.

ಒತ್ತುತ್ತೇನೆ. ಈ ಸಾಲು ಮುಗಿಸಿ ಒತ್ತುತ್ತೇನೆ ಯವ್ವ, ಈ ಒಂದು ಸಾಲು